ಎಚ್‌ಆರ್‌ಗೆ ಹೋಗ್ತೀನಿ ಮೇಡಂ

ಹೋದ ವಾರ ನಮ್ಮ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ‘ಏನಪ್ಪಾ?’ ಅಂದೆ. ‘ಮೂರನೇ ಸೆಮ್‌ಗೆ ಎಚ್‌ಆರ್ ತಗೋತೀನಿ ಮೇಡಂ’ ಅಂದ. ಕಂಪನಿ ಸಿಬ್ಬಂದಿಯ ವ್ಯವಹಾರ ನೋಡಿಕೊಳ್ಳುವುದನ್ನು ಕಲಿಸುವ ಸ್ಪೆಷಲೈಸೇಷನ್ ಅದು.

ಪಿಚ್ಚೆನಿಸಿತು. ಈ ಬ್ಯಾಚಿನಲ್ಲಿ ಮಕ್ಕಳ ಜೊತೆ ಕೆಲಸ ಮಾಡುವುದಕ್ಕೇ ಹುಟ್ಟಿದವನು ಅಂತ ಒಬ್ಬನಿದ್ದರೆ ಅವನೇ. ಬಾಲಮಂದಿರದಲ್ಲಿ, ಅಂದರೆ ಆಸರೆ ಬೇಕಾದ ಮಕ್ಕಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯಲ್ಲಿ, ಅವನ ಫೀಲ್ಡ್‌ವರ್ಕ್. ದೊಡ್ಡವರ ಮುಂದೆ ತುಟಿ ಬಿಚ್ಚದ ಹುಡುಗರು ಇವನ ಜೊತೆ ಲಗೋರಿ ಆಡುತ್ತಾ ಮನೆ ಕಥೆಯೆಲ್ಲ ಹೇಳುತ್ತಾರೆ. ಅವನ ಫೀಲ್ಡ್‌ವರ್ಕ್ ರಿಪೋರ್ಟ್ ಓದುವಾಗ ನಾನು ಕೆಂಪು ಪೆನ್ನು ಪಕ್ಕಕ್ಕಿಡುತ್ತೇನೆ.

ಕಾರಣ ಕೇಳಿದೆ. ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್. ಅವನ ಬಸ್ ಪಾಸ್ ಊರಿಂದ ಕಾಲೇಜಿಗೆ ಮಾತ್ರ. ಬಾಲಮಂದಿರ ಆ ದಾರಿಯಲ್ಲಿಲ್ಲ. ಹೋಗಿ ಬರುವುದಕ್ಕೆ 64 ರೂಪಾಯಿ ಟಿಕೆಟ್. (ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹುಡುಗಿಯರಿಗೆ ಈ ತಾಪತ್ರಯ ತಪ್ಪಿದೆ. ಅದರ ಬಗ್ಗೆ ಮೂಗು ಮುರಿಯುವವರು ಒಮ್ಮೆ ಫೀಲ್ಡ್‌ವರ್ಕ್ ಹಾಜರಾತಿ ನೋಡಬೇಕು.) ಮಧ್ಯಾಹ್ನದ ಊಟ ಬೇರೆ. ಎಚ್‌ಆರ್ ಆದರೆ ಫೀಲ್ಡ್‌ವರ್ಕ್ ಕಾರ್ಖಾನೆಯಲ್ಲಿ. ಕ್ಯಾಂಟೀನ್ ಊಟ ಇದೆ. ಕೆಲವು ಕಡೆ ಕೈಗೆ ಸ್ವಲ್ಪ ದುಡ್ಡೂ ಸಿಗುತ್ತದೆ. ಕೋರ್ಸು ಮುಗಿಯುವ ಹೊತ್ತಿಗೆ ಅಲ್ಲೇ ಕೆಲಸ ಸಿಕ್ಕರೂ ಸಿಕ್ಕಿತು. ‘ಬಾಲಮಂದಿರದಲ್ಲಿ ಮುಂದೆ ಏನಿದೆ ಮೇಡಂ?’ ಅಂತ ಕೇಳಿದ. ತರಗತಿಯಲ್ಲಿ ಒಂದು ಗಂಟೆ ಬಿಡದೆ ಮಾತಾಡುವ ನನಗೆ ಉತ್ತರ ಬರಲಿಲ್ಲ.

ಎಂಎಸ್‌ಡಬ್ಲ್ಯೂ ಅಂದರೆ ಸಮಾಜಸೇವೆ ಅಂದುಕೊಂಡಿರುವವರಿಗೆ ಒಂದು ಮಾತು. ನಮ್ಮಲ್ಲಿ ಈ ಪದವಿ ಮಾಡುವವರಲ್ಲಿ ತುಂಬಾ ಜನರ ಕಣ್ಣು ಇರುವುದು ಪೀಣ್ಯ, ಬಿಡದಿ ಕಡೆಯ ಎಚ್‌ಆರ್ ಕೆಲಸದ ಮೇಲೆ. ನಾನು ಅವರನ್ನು ಬೈಯುವುದಿಲ್ಲ. ಹೊಲ ಅಡ ಇಟ್ಟು ಓದಿಸುವ ಅಪ್ಪನಿಗೆ ಮಗ ಕಂಪನಿ ಐಡಿ ಕಾರ್ಡ್ ಹಾಕಿಕೊಂಡು ಬರಬೇಕು ಅನಿಸುತ್ತದೆ. ಅದರಲ್ಲಿ ತಪ್ಪೇನಿದೆ?

ತಪ್ಪು ಬೇರೆ ಕಡೆ ಇದೆ. ಅದನ್ನು ಹೇಳುವುದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು.

ನಾನು ಪಾಠ ಹೇಳುವುದಕ್ಕೆ ಬರುವ ಮುಂಚೆ ಒಂದು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ಮೂರು ವರ್ಷ ನಾಲ್ಕು ತಿಂಗಳು. ಗುತ್ತಿಗೆ ಕೆಲಸ, ತಿಂಗಳಿಗೆ 14,000. ಓದುವಾಗ ನಾನು ಮಾಡಿದ ಫೀಲ್ಡ್‌ವರ್ಕ್ ಏನು ಗೊತ್ತಾ? ಒಂದು ಸಂಸ್ಥೆಗೆ ಮನೆ ಮನೆ ಸರ್ವೆ ಫಾರಂ ತುಂಬಿಕೊಟ್ಟಿದ್ದು. ಜೂನ್ 12ಕ್ಕೆ ಬಾಲಕಾರ್ಮಿಕ ವಿರೋಧಿ ಜಾಥಾದಲ್ಲಿ ಬ್ಯಾನರ್ ಹಿಡಿದಿದ್ದು. ನವೆಂಬರ್ 14ಕ್ಕೆ ಚಾಕೊಲೇಟ್ ಹಂಚಿದ್ದು. ಒಂದು ಮಗುವಿನ ಎದುರು ಕೂತು ಹೇಗೆ ಮಾತಾಡಬೇಕು ಅಂತ ಯಾರೂ ಕಲಿಸಿರಲಿಲ್ಲ. ಆದರೂ ಕೆಲಸಕ್ಕೆ ಸೇರಿದ ಎರಡನೇ ವಾರಕ್ಕೇ ನನ್ನ ಕೈಗೆ ನಮೂನೆಗಳ ಕಟ್ಟು ಬಂತು.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ರೈಲ್ವೆ ಸ್ಟೇಷನ್ನಿನಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಮಗು ಒಂಟಿಯಾಗಿ ಸಿಕ್ಕಿತು ಅಂದುಕೊಳ್ಳಿ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಾರೆ. 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಅಧ್ಯಕ್ಷರು ಮತ್ತು ನಾಲ್ಕು ಜನ ಸದಸ್ಯರು. ಅವರು ಮಗುವನ್ನು ಸದ್ಯಕ್ಕೆ ಬಾಲಮಂದಿರಕ್ಕೆ ಕಳಿಸಿ, ಸಾಮಾಜಿಕ ತನಿಖಾ ವರದಿ ಕೊಡಿ ಅನ್ನುತ್ತಾರೆ. 2015ರ ಬಾಲನ್ಯಾಯ ಕಾಯ್ದೆ ಅದಕ್ಕೆ ಕೊಟ್ಟಿರುವ ಕಾಲ 15 ದಿನ. 2016ರ ನಿಯಮಗಳಲ್ಲಿ ಅದಕ್ಕೇ ನಮೂನೆ 22 ಅಂತ ಇದೆ. ಮನೆಯಲ್ಲಿ ಯಾರಿದ್ದಾರೆ, ಮಗುವಿಗೂ ಅವರಿಗೂ ಹೇಗಿದೆ, ಶಾಲೆ ಬಿಟ್ಟದ್ದು ಯಾಕೆ, ಯಾರಾದರೂ ಹೊಡೆಯುತ್ತಿದ್ದರಾ, ವಾಪಸ್ ಕಳಿಸಿದರೆ ಏನಾಗಬಹುದು... ಇದನ್ನೆಲ್ಲ ಆ ಊರಿಗೆ ಹೋಗಿ, ಕೂತು, ಕೇಳಿ ಬರೆಯಬೇಕು. ಸಮಿತಿ ಆ ಕಾಗದ ನೋಡಿ ಮಗುವಿನ ದಾರಿ ನಿರ್ಧರಿಸುತ್ತದೆ. ಮನೆಗಾ, ಬಾಲಮಂದಿರಕ್ಕಾ, ನೆಂಟರ ಹತ್ತಿರಕ್ಕಾ? ಬರೆಯುವವಳು ದಡ್ಡಿಯಾದರೆ ಆದೇಶವೂ ದಡ್ಡ ಆದೇಶವೇ.

ನನ್ನ ಕೈಗೆ ಬಂದವನು ಹತ್ತು ವರ್ಷದ ಹುಡುಗ. ಅವನ ಹೆಸರು, ಊರು ಹೇಳುವ ಹಾಗಿಲ್ಲ. ಬಾಲನ್ಯಾಯ ಕಾಯ್ದೆಯ ಕಲಂ 74 ಬಿಡುವುದಿಲ್ಲ, ಬಿಟ್ಟರೂ ನಾನು ಹೇಳುವುದಿಲ್ಲ. ಅವನ ಮುಂದೆ ಕುರ್ಚಿ ಹಾಕಿಕೊಂಡು, ನಮೂನೆ ತೊಡೆಯ ಮೇಲಿಟ್ಟುಕೊಂಡು, ಮೊದಲ ಪ್ರಶ್ನೆಯೇ ‘ಯಾಕೋ ಮನೆ ಬಿಟ್ಟು ಬಂದೆ?’ ಅಂತ ಕೇಳಿದೆ. ಹುಡುಗ ಬಾಯಿ ಮುಚ್ಚಿದವನು ಮೂರು ದಿನ ತೆರೆಯಲಿಲ್ಲ. ನಾಲ್ಕನೇ ದಿನ ನೋಡಿದರೆ ಬಾಲಮಂದಿರದ ಅಡುಗೆ ಅಕ್ಕನ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತಿದ್ದಾನೆ, ಬಾಯಿ ತುಂಬಾ ಮಾತು. ಅಕ್ಕ ಏನೂ ಕೇಳಿರಲಿಲ್ಲ. ‘ನಿಮ್ಮಜ್ಜಿ ಅವರೆಕಾಳು ಹುಳಿ ಮಾಡ್ತಿದ್ರೇನೋ?’ ಅಂದರಂತೆ, ಅಷ್ಟೇ.

ಅಜ್ಜಿಯ ಮನೆಗೆ ಹೋದೆ. ಒಂದೇ ಕೋಣೆ, ಸೋರುವ ಹೆಂಚು, ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಅರ್ಧ ಗಂಟೆ ಇದ್ದೆ. ವಾಪಸ್ ಬರುವ ಬಸ್ ತಪ್ಪಿದರೆ ಮತ್ತೆ ಸಂಜೆ ಐದಕ್ಕೇ. ಐದು ಸಾಲು ಬರೆದೆ, ಕೊನೆಯ ಸಾಲು ‘ಮನೆಯ ವಾತಾವರಣ ಸೂಕ್ತವಾಗಿಲ್ಲ’. ಸಮಿತಿ ನಂಬಿತು, ನಂಬದೆ ಏನು ಮಾಡುತ್ತೆ? ಹುಡುಗ ಬಾಲಮಂದಿರದಲ್ಲಿ ಹದಿನಾಲ್ಕು ತಿಂಗಳು ಉಳಿದ.

ಆಮೇಲೆ ನಮ್ಮ ಘಟಕಕ್ಕೆ ಹೊಸಬರೊಬ್ಬರು ಬಂದರು. ಬೇರೆ ಸಂಸ್ಥೆಯಲ್ಲಿ ಬೀದಿ ಮಕ್ಕಳ ಜೊತೆ ಎಂಟು ವರ್ಷ ಪಳಗಿದವರು. ಅವರು ಅದೇ ಊರಿಗೆ ಹೋಗಿ ಅಜ್ಜಿಯ ಮನೆಗೆ ಮೊದಲು ಹೋಗಲೇ ಇಲ್ಲ. ಶಾಲೆಗೆ ಹೋದರು, ಅಂಗನವಾಡಿಗೆ ಹೋದರು, ಹೋಟೆಲಲ್ಲಿ ಚಹಾ ಕುಡಿದರು. ಎರಡು ಬೀದಿ ಆಚೆ ಹುಡುಗನ ಚಿಕ್ಕಮ್ಮ ಇದ್ದಾಳೆ ಅಂತ ಗೊತ್ತಾಯಿತು. ಅವಳು ‘ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲ’ ಅಂದಳಂತೆ. ಮಗುವನ್ನು ಮನೆಯಲ್ಲೇ ಸಾಕುವುದಕ್ಕೆ ಸರ್ಕಾರ ನೆರವು ಕೊಡುವ ಪ್ರಾಯೋಜಕತ್ವ ಯೋಜನೆಯಲ್ಲಿ ಆಗ ತಿಂಗಳಿಗೆ 2,000 ಬರುತ್ತಿತ್ತು, ಈಗ 4,000. ಆ ದುಡ್ಡಿನ ಆಸರೆ ಸಿಕ್ಕಿತು, ಹುಡುಗ ಚಿಕ್ಕಮ್ಮನ ಮನೆಗೆ ಹೋದ.

ಹದಿನಾಲ್ಕು ತಿಂಗಳು. ನಾನು ಕೆಟ್ಟವಳಾಗಿದ್ದೆ ಅಂತಲ್ಲ, ಸೋಮಾರಿಯೂ ಆಗಿರಲಿಲ್ಲ. ನನಗೆ ಕೆಲಸ ಗೊತ್ತಿರಲಿಲ್ಲ. ಅದನ್ನು ಆ ಹುಡುಗನ ಮೇಲೆ ಕಲಿತೆ. ಡಾಕ್ಟರುಗಳೂ ರೋಗಿಗಳ ಮೇಲೇ ಕಲಿಯುತ್ತಾರೆ, ನಿಜ. ಆದರೆ ಅವರ ಪಕ್ಕದಲ್ಲಿ ಒಬ್ಬರು ಹಿರಿಯರು ನಿಂತಿರುತ್ತಾರೆ. ಇಂಟರ್ನ್‌ಶಿಪ್ ಮಾಡುವವರಿಗೆ ಸರ್ಕಾರ ಸ್ಟೈಪೆಂಡ್ ಕೊಡುತ್ತದೆ. ಓದು ಮುಗಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿಸುವುದಕ್ಕೆ ನಮ್ಮ ರಾಜ್ಯದಲ್ಲಿ 2012ರಲ್ಲೇ ಕಡ್ಡಾಯ ಸೇವೆಯ ಕಾಯ್ದೆ ಮಾಡಿಕೊಂಡಿದ್ದೇವೆ. ಅಂದರೆ ‘ನಾವು ದುಡ್ಡು ಹಾಕುತ್ತೇವೆ, ನೀನು ಕೆಲಸ ಕಲಿ, ಆಮೇಲೆ ಜನರಿಗೆ ಕೆಲಸ ಮಾಡು’ ಅನ್ನುವ ಲೆಕ್ಕ ನಮಗೆ ಗೊತ್ತಿಲ್ಲದ್ದೇನಲ್ಲ. ಮಕ್ಕಳ ವಿಷಯ ಬಂದಾಗ ಮಾತ್ರ ‘ಸೇವಾ ಮನೋಭಾವ’ ಅಂತ ಶುರುಮಾಡುತ್ತೇವೆ.

ಈಗ ನನ್ನ ಜೂನಿಯರ್ ವಿಷಯಕ್ಕೆ ಬರುತ್ತೇನೆ. ಒಂದೇ ಹಾಸ್ಟೆಲ್, ಒಂದೇ ಬಕೆಟ್ಟಿಗೆ ಜಗಳ ಆಡಿದವರು ನಾವು. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಇಲ್ಲಿನ ಪದವಿ ಇದ್ದರೂ ಗ್ರೀನ್ ಕಾರ್ಡ್ ಬಂದ ಮೇಲೆ ಅಲ್ಲೇ ಮತ್ತೊಮ್ಮೆ ಎಂಎಸ್‌ಡಬ್ಲ್ಯೂ ಮಾಡಿದಳು. 2014ರಿಂದ 16ರವರೆಗೆ. ಅವಳಿಗೆ ವರ್ಷಕ್ಕೆ 18,500 ಡಾಲರ್ ಸ್ಟೈಪೆಂಡ್. ಬಸ್ ಟಿಕೆಟ್ಟಿಗೆ ಪರದಾಡುವ ನಾವು ಅದನ್ನು ರೂಪಾಯಿಗೆ ಬದಲಾಯಿಸಿ ನೋಡಿ ಸುಮ್ನೆ ಹೊಟ್ಟೆ ಉರಿಸಿಕೊಳ್ಳುವುದು ಬೇಡ, ಅಲ್ಲಿನ ಫೀಸು, ಬಾಡಿಗೆಯೂ ಹಾಗೇ ಇರುತ್ತದೆ. ವಿಷಯ ಅದರ ಷರತ್ತಿನಲ್ಲಿದೆ. ಎಷ್ಟು ವರ್ಷ ದುಡ್ಡು ತೆಗೆದುಕೊಂಡೆಯೋ ಅಷ್ಟು ವರ್ಷ ಓದು ಮುಗಿದ ಮೇಲೆ ಸರ್ಕಾರದ ಮಕ್ಕಳ ಕಲ್ಯಾಣ ಇಲಾಖೆಯಲ್ಲಿ ಕೆಲಸ ಮಾಡಬೇಕು. ಮಾಡದಿದ್ದರೆ ದುಡ್ಡು ವಾಪಸ್ ಕಟ್ಟು. ಓದುವಾಗಲೇ ಫೀಲ್ಡ್‌ವರ್ಕ್ ಅದೇ ಇಲಾಖೆಯಲ್ಲಿ, ಹಿರಿಯ ಕಾರ್ಯಕರ್ತೆಯೊಬ್ಬರ ಜೊತೆ ಮನೆ ಮನೆಗೆ. ಮೊದಲ ಆರು ತಿಂಗಳು ಇವಳು ಪಕ್ಕದಲ್ಲಿ ಕೂತು ಕೇಳುವುದು ಮಾತ್ರ. ಹಿಂದಿರುಗುವಾಗ ಕಾರಿನಲ್ಲಿ ಅವರು ‘ನೀನೇನು ನೋಡಿದೆ? ಫ್ರಿಜ್ಜಿನಲ್ಲಿ ಏನಿತ್ತು?’ ಅಂತ ಕೇಳೋರಂತೆ. ‘ಅಕ್ಕಾ, ನಾನು ಫ್ರಿಜ್ ಕಡೆ ನೋಡೇ ಇರಲಿಲ್ಲ’ ಅಂತ ನಗುತ್ತಾಳೆ ಈಗ.

ಈ ದುಡ್ಡಿನ ಬೇರು ಎಲ್ಲಿದೆ ಅಂತ ಕೆದಕಿದೆ. ಅಮೆರಿಕದಲ್ಲಿ 1980ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಒಂದು ಕಾನೂನು. ಮಕ್ಕಳು ಒಂದು ಸಾಕುಮನೆಯಿಂದ ಇನ್ನೊಂದಕ್ಕೆ ವರ್ಷಗಟ್ಟಲೆ ಅಲೆಯುತ್ತಿದ್ದರು, ಅದನ್ನು ನಿಲ್ಲಿಸುವುದಕ್ಕೆ ಬಂದದ್ದು. ಸಾಮಾಜಿಕ ಭದ್ರತಾ ಕಾಯ್ದೆಗೆ ಅದು ಸೇರಿಸಿದ ಭಾಗವನ್ನು ಟೈಟಲ್ ಫೋರ್-ಇ ಅನ್ನುತ್ತಾರೆ. ಅದರ ಒಳಗೆ ಒಂದು ಸಣ್ಣ ಏರ್ಪಾಡು: ಮಕ್ಕಳ ಕಲ್ಯಾಣದ ಕೆಲಸಕ್ಕೆ ಜನರನ್ನು ತಯಾರು ಮಾಡುವ ಖರ್ಚಿನಲ್ಲಿ ನೂರಕ್ಕೆ 75 ಭಾಗ ಕೇಂದ್ರ ಸರ್ಕಾರದ್ದು. ಈಗಾಗಲೇ ಕೆಲಸದಲ್ಲಿರುವವರ ಜೊತೆಗೆ ಮುಂದೆ ಕೆಲಸಕ್ಕೆ ಸೇರಲಿರುವ ವಿದ್ಯಾರ್ಥಿಗಳೂ ಅದರಲ್ಲಿ ಸೇರುತ್ತಾರೆ. ನನ್ನ ಕಣ್ಣು ನಿಂತಿದ್ದು ಅಲ್ಲೇ, ‘ಸೇರಲಿರುವ’ ಅನ್ನುವ ಪದದ ಮೇಲೆ.

ಕ್ಯಾಲಿಫೋರ್ನಿಯಾ ಇದನ್ನು ಹಿಡಿದುಕೊಂಡಿದ್ದು 1990ರಲ್ಲಿ. ಆಗ ಅಲ್ಲಿ ಎಂಎಸ್‌ಡಬ್ಲ್ಯೂ ಮಾಡಿದವರು ಸರ್ಕಾರಿ ಕೆಲಸದ ಕಡೆ ತಲೆ ಹಾಕುತ್ತಿರಲಿಲ್ಲ. ಖಾಸಗಿ ಕೌನ್ಸೆಲಿಂಗ್ ಕ್ಲಿನಿಕ್ ತೆರೆದು ಕೂರುವುದೇ ಎಲ್ಲರ ಆಸೆ. ನಮ್ಮ ಹುಡುಗರಿಗೆ ಎಚ್‌ಆರ್ ಹೇಗೋ ಅವರಿಗೆ ಅದು ಹಾಗೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಒಂದು ಕೇಂದ್ರ ಕಟ್ಟಿದರು. ರಾಜ್ಯದ ಸೋಶಿಯಲ್ ವರ್ಕ್ ವಿಭಾಗಗಳನ್ನೂ ಜಿಲ್ಲಾಡಳಿತಗಳನ್ನೂ ಒಂದೇ ಮೇಜಿಗೆ ಕೂರಿಸಿದರು. ಏನು ಕಲಿಸಬೇಕು ಅಂತ ಕೆಲಸ ಕೊಡುವವರೂ ಪಾಠ ಹೇಳುವವರೂ ಸೇರಿ ಬರೆದರು. ನಮ್ಮಲ್ಲಿ ಈ ಇಬ್ಬರು ಭೇಟಿಯಾಗುವುದು ವೈವಾ ದಿನ, ಬಿಸ್ಕೆಟ್ ತಟ್ಟೆಯ ಎದುರು.

ಅಲ್ಲಿ ಎಲ್ಲ ಚಿನ್ನ ಅಂತಲ್ಲ. ನನ್ನ ಜೂನಿಯರ್ ಜೊತೆ ಸೇರಿದವರಲ್ಲಿ ಕೆಲವರು ಎರಡು ವರ್ಷ ಮುಗಿದ ಮರುದಿನವೇ ಜಾಗ ಖಾಲಿ ಮಾಡಿದರಂತೆ. ಕೇಸುಗಳ ಹೊರೆ, ರಾತ್ರಿ ಫೋನು, ಬೈಗುಳ. ಇನ್ನೊಂದು ವಿಚಿತ್ರವೂ ಇದೆ. 75 ಭಾಗ ಅನ್ನುವುದು ಕಾಗದದ ಮೇಲೆ. ನಿಜವಾಗಿ ಕೊಡುವಾಗ ಸಾಕುಮನೆಯಲ್ಲಿರುವ ಮಕ್ಕಳಲ್ಲಿ ಎಷ್ಟು ಜನ ಬಡ ಮನೆಯವರು ಅಂತ ನೋಡಿ ಅಷ್ಟಕ್ಕೆ ಕತ್ತರಿಸುತ್ತಾರೆ. ಆ ಬಡತನವನ್ನು ಅಳೆಯುವುದು 1996ರ ಆದಾಯದ ಮಿತಿಯಿಂದ. ಮೂವತ್ತು ವರ್ಷದಲ್ಲಿ ಅಕ್ಕಿ ರೇಟು ಏರಿದರೂ ಅಳತೆಗೋಲು ಹಾಗೇ ಇದೆ. ಹೀಗಾಗಿ ಆ ಲೆಕ್ಕಕ್ಕೆ ಬರುವ ಮಕ್ಕಳು ಕಡಿಮೆಯಾಗುತ್ತಾ ಹೋದರು, ದುಡ್ಡೂ ಸವೆಯಿತು. ಮೂರ್ಖತನ ನಮ್ಮೊಬ್ಬರ ಸೊತ್ತಲ್ಲ ಅಂತ ಒಂದು ಸಮಾಧಾನ.

ನಮ್ಮಲ್ಲಿ ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2020ರಿಂದ ‘ಸಂವಾದ್’ ಅಂತ ಇದೆ, ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದ್ದು. ಕಷ್ಟದಲ್ಲಿರುವ ಮಕ್ಕಳ ಜೊತೆ ಮಾತಾಡುವುದನ್ನು ಅವರು ಕಲಿಸುವ ರೀತಿ ತುಂಬಾ ಚೆನ್ನಾಗಿದೆ. ಆದರೆ ಇಂಥ ತರಬೇತಿಗಳು ಸಿಗುವುದು ಹೆಚ್ಚಾಗಿ ಕೆಲಸಕ್ಕೆ ಸೇರಿದ ಮೇಲೆ. ಸೇರಿದವರದ್ದು ವರ್ಷ ವರ್ಷದ ಗುತ್ತಿಗೆ. ಇವತ್ತು ಕಲಿತವರು ಮುಂದಿನ ಏಪ್ರಿಲ್‌ನಲ್ಲಿ ಇರುತ್ತಾರಾ? ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಮತ್ತೆ ಹೊಸಬರು, ಮತ್ತೆ ಅದೇ ಮೂರು ದಿನದ ಕಾರ್ಯಾಗಾರ, ಮತ್ತೆ ಅದೇ ಗ್ರೂಪ್ ಫೋಟೋ.

ಬೇಸರ ಏನೆಂದರೆ, ವಿದ್ಯಾರ್ಥಿಗಳು ಮತ್ತು ಮಕ್ಕಳ ರಕ್ಷಣೆ, ಇವೆರಡರ ನಂಟು ನಮ್ಮ ದೇಶದಲ್ಲಿ ಹೊಸದೇನಲ್ಲ. 1098 ಹುಟ್ಟಿದ್ದೇ ಸೋಶಿಯಲ್ ವರ್ಕ್ ಕಾಲೇಜಿನಲ್ಲಿ. 1996ರಲ್ಲಿ ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಜೆರೂ ಬಿಲಿಮೋರಿಯಾ ಅವರು ಅದನ್ನು ಶುರು ಮಾಡಿದಾಗ ಅದೊಂದು ಫೀಲ್ಡ್ ಆ್ಯಕ್ಷನ್ ಪ್ರಾಜೆಕ್ಟ್, ಅಂದರೆ ಓದು ಮತ್ತು ಕೆಲಸ ಎರಡೂ ಒಟ್ಟಿಗೆ ನಡೆಯುವಂಥದ್ದು. ಅದು ದೇಶದ ತುಂಬಾ ಹರಡಿತು. ಈಗ ಸರ್ಕಾರವೇ ನಡೆಸುತ್ತಿದೆ, ತುರ್ತು ಸಹಾಯದ 112ರ ಜೊತೆ ಜೋಡಿಸಿದ್ದಾರೆ. ಫೋನು ಉಳಿಯಿತು. ಫೋನಿನ ಆಚೆ ಕೂರುವವರನ್ನು ತಯಾರು ಮಾಡಿದ ಕಾಲೇಜುಗಳ ಕಡೆ ಯಾರೂ ತಿರುಗಿ ನೋಡಲಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಬೆರಳು ಮಡಚಿ ಲೆಕ್ಕ ಹಾಕಿದ್ದೇನೆ, ತಪ್ಪಿದ್ದರೆ ತಿದ್ದಿ. ರಾಜ್ಯದಲ್ಲಿ 31 ಜಿಲ್ಲೆ. ಜಿಲ್ಲೆಗೆ ಹತ್ತು ಜನ ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಆರಿಸಿ. ತಿಂಗಳಿಗೆ 5,000 ಕೊಡಿ, ಹತ್ತು ತಿಂಗಳು. ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಮಾಡುವ ಹುಡುಗರಿಗೆ ಪ್ರಧಾನಮಂತ್ರಿ ಹೆಸರಿನ ಯೋಜನೆ 2024ರಲ್ಲಿ ಶುರುವಾದಾಗ ಕೊಟ್ಟಿದ್ದೂ 5,000ವೇ. ಒಟ್ಟು 1 ಕೋಟಿ 55 ಲಕ್ಷ. ಮಕ್ಕಳ ರಕ್ಷಣೆಗಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಕೇಂದ್ರಕ್ಕೆ 60, ರಾಜ್ಯಕ್ಕೆ 40; ಆ ಲೆಕ್ಕದಲ್ಲಿ ಹಂಚಿಕೊಂಡರೆ ರಾಜ್ಯದ ಪಾಲು 62 ಲಕ್ಷ. ಒಂದು ಕಟ್ಟಡದ ಕಾಂಪೌಂಡ್ ಗೋಡೆಗೆ ಇದಕ್ಕಿಂತ ಜಾಸ್ತಿ ಬಿಲ್ ಆಗುವುದನ್ನು ನೋಡಿದ್ದೇವೆ, ಅಲ್ವಾ?

ಯುವನಿಧಿ ವಿಷಯ ನೆನಪಾಯಿತು. ಡಿಗ್ರಿ ಮುಗಿಸಿ ಕೆಲಸ ಇಲ್ಲದವರಿಗೆ ತಿಂಗಳಿಗೆ 3,000. ಮುಂದೆ ಓದಲು ಸೇರಿದರೆ ಇಲ್ಲ. ನಮ್ಮ ಹುಡುಗನ ಅಣ್ಣ ಮನೆಯಲ್ಲಿದ್ದುಕೊಂಡು ಅದನ್ನು ತೆಗೆದುಕೊಂಡ. ಇವನು ಓದುತ್ತಾ, ಬಾಲಮಂದಿರದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ, ಸೊನ್ನೆ. ಯುವನಿಧಿ ತಪ್ಪು ಅನ್ನುತ್ತಿಲ್ಲ, ಅಣ್ಣನಿಗೂ ಬೇಕಿತ್ತು. ಮನೆಯವರು ಈ ಇಬ್ಬರನ್ನು ನೋಡಿ ಏನು ಅಂದುಕೊಳ್ಳಬೇಕು ಅಂತ ಯೋಚಿಸುತ್ತೇನೆ.

‘ದುಡ್ಡು ತಗೊಂಡು ಓಡಿ ಹೋದರೆ?’ ಅಂತ ನಮ್ಮ ವಿಭಾಗದ ಹಿರಿಯರು ಕೇಳಿದರು. ಬಾಂಡ್ ಬರೆಸಿ ಸರ್. ಆದರೆ ಬಾಂಡ್ ಅಂದರೆ ಎರಡು ಕಡೆಯಿಂದಲೂ ಕಟ್ಟಿದ ಗಂಟು. ನೀನು ಎರಡು ವರ್ಷ ಇರಬೇಕು ಅಂತ ಹುಡುಗನಿಗೆ ಹೇಳುವ ಸರ್ಕಾರ, ಎರಡು ವರ್ಷ ನಿನಗೆ ಸರಿಯಾಗಿ ಸಂಬಳ ಕೊಡುತ್ತೇನೆ ಅಂತಲೂ ಹೇಳಬೇಕು. ನಾನು ಕೆಲಸ ಬಿಟ್ಟಿದ್ದು ಕೆಲಸ ಬೇಸರವಾಗಿ ಅಲ್ಲ. ನಾಲ್ಕು ತಿಂಗಳು ಸಂಬಳ ಬರಲಿಲ್ಲ. ಕೇಳಿದಾಗಲೆಲ್ಲ ಅನುದಾನ ಬಿಡುಗಡೆಯಾಗಿಲ್ಲ ಅನ್ನುತ್ತಿದ್ದರು. ಮನೆ ಭೇಟಿಗೆ ಹೋಗುವ ಬಸ್ ಚಾರ್ಜಿಗೆ ಅಮ್ಮನ ಹತ್ತಿರ ಕೈಚಾಚಬೇಕಾಯಿತು, ಅವತ್ತು ನಿರ್ಧಾರ ಮಾಡಿದೆ.

ಸಂಬಳದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಮಿಷನ್ ವಾತ್ಸಲ್ಯಕ್ಕೆ ಮುಂಚೆ ಇದ್ದ ಮಕ್ಕಳ ರಕ್ಷಣಾ ಯೋಜನೆಯ 2014ರ ಪರಿಷ್ಕರಣೆಯಲ್ಲಿ ಸಮಾಜ ಕಾರ್ಯಕರ್ತರಿಗೆ 14,000 ಇತ್ತು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ 18,536. ಊರೂರು ತಿರುಗಿ ಮಕ್ಕಳನ್ನು ಗುರುತಿಸುವ ಔಟ್‌ರೀಚ್ ವರ್ಕರ್‌ಗೆ 10,592. ಈ ಬಿಡಿ ರೂಪಾಯಿಗಳನ್ನು ನೋಡಿದರೆ ನಗು ಬರುತ್ತದೆ. ಯಾರೋ ಬಹಳ ಎಚ್ಚರಿಕೆಯಿಂದ ಶೇಕಡಾವಾರು ಹಾಕಿದ್ದಾರೆ. ಈ ಹತ್ತು ಸಾವಿರದಲ್ಲಿ ಅವರು ಒಂದು ಕೋಣೆ ಬಾಡಿಗೆ ಕಟ್ಟಿ, ಪೆಟ್ರೋಲ್ ಹಾಕಿಸಿ, ಊಟ ಮಾಡಿ ಬದುಕಬಹುದಾ ಅಂತ ಮಾತ್ರ ಯಾರೂ ಹಾಕಿ ನೋಡಿಲ್ಲ.

ಹಾಗಾದರೆ ಮೊದಲು ಸಂಬಳ ಸರಿಯಾಗಲಿ, ಸ್ಟೈಪೆಂಡ್ ಆಮೇಲೆ ನೋಡೋಣ ಅನ್ನುತ್ತೀರಾ? ಒಪ್ಪುವುದಿಲ್ಲ. ಆ ‘ಮೊದಲು’ ಬರುವುದಿಲ್ಲ, ನನ್ನ ವಯಸ್ಸಿಗೆ ಇದು ಗೊತ್ತಾಗಿದೆ. ಕಲಿತ ಜನ ಇದ್ದರೆ ಅವರು ಕೂಗುತ್ತಾರೆ, ಕೋರ್ಟಿಗೆ ಹೋಗುತ್ತಾರೆ, ಸಂಘ ಕಟ್ಟುತ್ತಾರೆ. ಏನೂ ಕಲಿಸದೆ ಒಳಗೆ ತಳ್ಳಿದ ನನ್ನಂಥವರು ಸುಮ್ಮನೆ ಬಿಟ್ಟು ಹೋಗುತ್ತೇವೆ. ಹಾಗೆ ಹೋದವರ ಬಗ್ಗೆ ಯಾರಿಗೂ ತಲೆನೋವಿಲ್ಲ.

ಸ್ಟೈಪೆಂಡ್ ಜೊತೆ ಇನ್ನೊಂದು ಬೇಕು, ಇದಕ್ಕೆ ದುಡ್ಡು ಅಷ್ಟೇನೂ ಬೇಡ. ಘಟಕದಲ್ಲಿ ಒಬ್ಬ ಹಿರಿಯ ಕಾರ್ಯಕರ್ತರಿಗೆ ವಾರಕ್ಕೆ ಅರ್ಧ ದಿನ ವಿದ್ಯಾರ್ಥಿಗಳಿಗೆ ಅಂತಲೇ ಬಿಡುವು ಕೊಡಬೇಕು. ಈಗ ನಮ್ಮ ಹುಡುಗರು ಹೋದರೆ ಅವರಿಗೆ ಸಿಗುವುದು ಕಡತ ಜೋಡಿಸುವುದು, ಎಕ್ಸೆಲ್ ತುಂಬುವುದು, ‘ನುಡಿ’ಯಲ್ಲಿ ಟೈಪ್ ಮಾಡುವುದು. ಸಿಬ್ಬಂದಿಯನ್ನು ದೂರುವುದಿಲ್ಲ. ಇಡೀ ಜಿಲ್ಲೆಗೆ ಇಬ್ಬರು ಸಮಾಜ ಕಾರ್ಯಕರ್ತರು ಇರುವಾಗ ಕಲಿಸುವುದಕ್ಕೆ ಪುರುಸೊತ್ತು ಎಲ್ಲಿಂದ ತರುತ್ತಾರೆ? ನಾನೇ ಅಲ್ಲಿದ್ದಾಗ ಫೀಲ್ಡ್‌ವರ್ಕ್‌ಗೆ ಬಂದ ಹುಡುಗಿಯರಿಗೆ ಮೊದಲು ಜೆರಾಕ್ಸ್ ಅಂಗಡಿಯ ದಾರಿ ತೋರಿಸಿದ್ದೆ.

ಜೂನಿಯರ್‌ಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವಳಿಗೆ ಬೆಳಗ್ಗೆ, ನನಗೆ ರಾತ್ರಿ. ‘ಅಕ್ಕಾ, ನಿಮ್ಮ ಹುಡುಗನಿಗೆ ತಿಂಗಳಿಗೆ ಎಷ್ಟು ಬೇಕು?’ ಅಂದಳು. ಟಿಕೆಟ್ ಲೆಕ್ಕ ಹೇಳಿದೆ, ತಿಂಗಳಿಗೆ ಎಂಟು ದಿನ, 512 ರೂಪಾಯಿ. ಊಟ ಸೇರಿದರೆ ಸಾವಿರ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ತಾನೇ ಕಳಿಸುತ್ತೇನೆ ಅಂದಳು. ಬೇಡ ಅಂದೆ. ಒಬ್ಬನಿಗೆ ನೀನು ಕಳಿಸ್ತೀಯಾ, ಇನ್ನೊಬ್ಬನಿಗೆ ನಾನು ಕೊಡ್ತೀನಿ, ಕೊನೆಗೆ ಇದೂ ಚಂದಾ ಎತ್ತುವ ಕೆಲಸ ಆಗಿಬಿಡುತ್ತೆ ಕಣೇ. ಅವನಿಗೆ ಸಾವಿರ ಕೊಡುವುದು ನಮ್ಮ ಕರುಣೆ ಆಗಬಾರದು. ಹೇಳಿದ್ದೇನೋ ಹೇಳಿದೆ, ಫೋನಿಟ್ಟ ಮೇಲೆ ‘ತಗೋ’ ಅನ್ನಬೇಕಿತ್ತೇನೋ ಅಂತ ಇವತ್ತಿನವರೆಗೂ ಅನಿಸುತ್ತಿದೆ.

ಸ್ಪೆಷಲೈಸೇಷನ್ ಫಾರಂ ಕೊಡುವುದಕ್ಕೆ ಇನ್ನೂ ಹತ್ತು ದಿನ ಇದೆ. ಯೋಚನೆ ಮಾಡು ಅಂತ ಅವನಿಗೆ ಹೇಳಿದ್ದೆ. ಈಗ ಇದನ್ನು ಬರೆಯುತ್ತಿರುವಾಗ ಅವನ ಮೆಸೇಜ್ ಬಂತು. ಬುಧವಾರ ಆರತಕ್ಷತೆ ಒಂದಕ್ಕೆ ಕೇಟರಿಂಗ್‌ನಲ್ಲಿ ಬಡಿಸುವುದಕ್ಕೆ ಕರೆದಿದ್ದಾರೆ, ಆರುನೂರು ಕೊಡುತ್ತಾರೆ, ಫೀಲ್ಡ್‌ವರ್ಕ್‌ಗೆ ಒಂದು ದಿನ ರಜೆ ಕೊಡಿ ಮೇಡಂ ಅಂತ.

ಕೊಟ್ಟಿದ್ದೇನೆ.